ಕಾಲೇಜು ಅಥ್ಲೆಟಿಕ್ಸ್ ಕೋಚ್ ಆಗಬೇಕೆನ್ನುವವರಿಗೆ ಪಟಿಯಾಲದ ಡಿಪ್ಲೊಮಾ: ನನ್ನ ವಿಮರ್ಶೆ

ಬಿ.ಪಿ.ಇಡಿ., ಅಂದರೆ ದೈಹಿಕ ಶಿಕ್ಷಣದ ಪದವಿ, ಮುಗಿಸುವ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚೂ ಕಮ್ಮಿ ಒಂದೇ. "ಮೇಡಂ, ಎಂ.ಪಿ.ಇಡಿ.ಗೆ ಹೋಗಲಾ, ಎನ್‌ಐಎಸ್‌ಗೆ ಹೋಗಲಾ?" ಎಂ.ಪಿ.ಇಡಿ. ಅಂದರೆ ಅದೇ ವಿಷಯದ ಸ್ನಾತಕೋತ್ತರ ಪದವಿ, ಎನ್‌ಐಎಸ್ ಅಂದರೆ ಪಂಜಾಬಿನ ಪಟಿಯಾಲದಲ್ಲಿರುವ ರಾಷ್ಟ್ರೀಯ ಕ್ರೀಡಾ ಸಂಸ್ಥೆ. ಫೋನಿನಲ್ಲಿ ಹೇಳಿ ಹೇಳಿ ಇದನ್ನು ಒಮ್ಮೆ ಪೂರ್ತಿ ಬರೆದಿಡೋಣ ಅನಿಸಿತು. ನಾನು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ. ಮಕ್ಕಳ ಬಾಯಲ್ಲಿ ಪಿ.ಡಿ. ಮೇಡಂ. ಓಡುವ ಕಾಲದಲ್ಲಿ ಟ್ರಿಪಲ್ ಜಂಪ್ ನನ್ನ ಈವೆಂಟ್. ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಒಂದು ವರ್ಷದ ಕೋಚಿಂಗ್ ಡಿಪ್ಲೊಮಾ ಮಾಡಿದ್ದೇನೆ, ಅಥ್ಲೆಟಿಕ್ಸ್‌ನಲ್ಲಿ.

ಮೊದಲಿಗೇ ತೀರ್ಪು ಹೇಳಿಬಿಡುತ್ತೇನೆ, ಸಮಯ ಇಲ್ಲದವರು ಇಷ್ಟು ಓದಿದರೂ ಸಾಕು. ಕೋಚ್ ಆಗಲು ಈ ಕೋರ್ಸಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಾಲೇಜಿನಲ್ಲಿ ಕೆಲಸ ಸಿಗಲು ಐದಕ್ಕೆ ಒಂದೂವರೆ. ಇವೆರಡೂ ಬೇರೆ ಬೇರೆ ವಿಷಯ. ಇದನ್ನು ಯಾರೂ ನಮಗೆ ಮೊದಲೇ ಬಿಡಿಸಿ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸದ ವಿಷಯ ಮೊದಲು. ನಮ್ಮ ಕಾಲೇಜುಗಳಲ್ಲಿ 'ಅಥ್ಲೆಟಿಕ್ಸ್ ಕೋಚ್' ಅನ್ನುವ ಹುದ್ದೆ ಹುಡುಕಿದರೂ ಸಿಗುವುದು ಕಷ್ಟ. ಇರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ, ಅದೂ ಕಾಲೇಜಿಗೆ ಒಂದು. ಬೆಳಿಗ್ಗೆ ಓಟ, ಸಂಜೆ ಕಬಡ್ಡಿ, ನಡುವೆ ವಾಲಿಬಾಲ್ ನೆಟ್ ಕಟ್ಟುವುದು, ಆಗಸ್ಟ್ 15ಕ್ಕೆ ಪೆರೇಡ್, ಕಾಲೇಜು ವಾರ್ಷಿಕೋತ್ಸವಕ್ಕೆ ಶಾಮಿಯಾನದವರ ಜೊತೆ ಮಾತು, ಎಲ್ಲವೂ ಆ ಒಬ್ಬರ ತಲೆಗೇ. ಆ ಹುದ್ದೆಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮ ಕೇಳುವುದು ಶೇ 55 ಅಂಕಗಳ ಎಂ.ಪಿ.ಇಡಿ., ಅದರ ಮೇಲೆ ನೆಟ್ ಅನ್ನುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಅಥವಾ ರಾಜ್ಯದ ಸೆಟ್ ಪರೀಕ್ಷೆ, ಇಲ್ಲವೇ ನಿಯಮದ ಪ್ರಕಾರ ಮಾಡಿದ ಪಿಎಚ್.ಡಿ. ಜೊತೆಗೆ ನೀವು ಕಾಲೇಜು, ವಿಶ್ವವಿದ್ಯಾಲಯ ಅಥವಾ ರಾಜ್ಯವನ್ನು ಪ್ರತಿನಿಧಿಸಿದ ದಾಖಲೆ. ಏಷ್ಯನ್ ಗೇಮ್ಸ್ ಅಥವಾ ಕಾಮನ್‌ವೆಲ್ತ್ ಗೇಮ್ಸ್ ಪದಕ ಗೆದ್ದು ಸ್ನಾತಕೋತ್ತರ ಪದವಿ ಇರುವವರಿಗೆ ಬೇರೆ ದಾರಿ ಉಂಟು, ಆದರೆ ಅಂಥವರು ಎಷ್ಟು ಜನ? ಕನಿಷ್ಠ ಅರ್ಹತೆಯ ಆ ಪಟ್ಟಿಯಲ್ಲಿ ಕೋಚಿಂಗ್ ಡಿಪ್ಲೊಮಾದ ಹೆಸರೇ ಇಲ್ಲ.

ಅದೇ ನಿಯಮದಲ್ಲಿ ಒಂದು ಫಿಟ್‌ನೆಸ್ ಪರೀಕ್ಷೆಯೂ ಇದೆ. 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್ ಓಡಬೇಕು ಅಥವಾ ನಡೆಯಬೇಕು, ಹೆಂಗಸರು 8 ನಿಮಿಷದಲ್ಲಿ 1000 ಮೀಟರ್. ವಯಸ್ಸು ಹೆಚ್ಚಿದಂತೆ ದೂರ ಕಡಿಮೆಯಾಗುತ್ತದೆ. ಇದು ಯಾವ ಕ್ರೀಡಾಪಟುವಿಗೂ ಕಷ್ಟವಲ್ಲ. ಆದರೆ ನಾಲ್ಕು ವರ್ಷ ನೆಟ್ ಪುಸ್ತಕ ಹಿಡಿದು ಕೂತು, ಮೈದಾನ ಬಿಟ್ಟವರಿಗೆ ಅದೂ ಕಷ್ಟವಾಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಈಗ ಕೋರ್ಸಿಗೆ ಬರೋಣ. ಎನ್‌ಐಎಸ್ ಶುರುವಾದದ್ದು 1961ರಲ್ಲಿ, ಪಟಿಯಾಲ ಮಹಾರಾಜರ ಮೋತಿಬಾಗ್ ಅರಮನೆಯಲ್ಲಿ. 1987ರಿಂದ ಭಾರತೀಯ ಕ್ರೀಡಾ ಪ್ರಾಧಿಕಾರದ, ಅಂದರೆ ಸಾಯ್‌ನ ಕೆಳಗಿದೆ. ನಮ್ಮ ದೇಶದ ಕೋಚ್‌ಗಳ ಪರಿಚಯ ಓದಿದರೆ ಈ ಜಾಗದ ಹೆಸರು ಮತ್ತೆ ಮತ್ತೆ ಬರುತ್ತದೆ. ಪಿ.ಟಿ. ಉಷಾ ಅವರನ್ನು ಬೆಳೆಸಿದ ಒ.ಎಂ. ನಂಬಿಯಾರ್ ವಾಯುಪಡೆಯಲ್ಲಿದ್ದವರು, ಇಲ್ಲಿ ತರಬೇತಿ ಪಡೆದು ಕೇರಳಕ್ಕೆ ಹೋದವರು. ದ್ರೋಣಾಚಾರ್ಯ ಪ್ರಶಸ್ತಿ 1985ರಲ್ಲಿ ಶುರುವಾದಾಗ ಮೊದಲು ಪಡೆದವರಲ್ಲಿ ಅವರೂ ಒಬ್ಬರು. ನಮ್ಮವರೇ ಆದ ಪುರುಷೋತ್ತಮ ರೈ 1974ರಲ್ಲಿ ಇಲ್ಲಿಂದ ಹೊರಬಂದರು. ಅಶ್ವಿನಿ ನಾಚಪ್ಪ, ರೋಸಾ ಕುಟ್ಟಿ, ಜಿ.ಜಿ. ಪ್ರಮೀಳಾ ಅವರಂಥವರಿಗೆ ಕೋಚ್ ಆಗಿದ್ದರು. ಅವರಿಗೆ ದ್ರೋಣಾಚಾರ್ಯ ಬಂದದ್ದು 2020ರಲ್ಲಿ. ಪ್ರಶಸ್ತಿ ಸ್ವೀಕರಿಸುವ ಹಿಂದಿನ ದಿನವೇ ತೀರಿಕೊಂಡರು. ಕೋಚ್ ಆಗುವುದು ಅಂದರೆ ಎಷ್ಟು ಉದ್ದದ ದಾರಿ ಅನ್ನುವುದಕ್ಕೆ ನಾನು ಮಕ್ಕಳಿಗೆ ಅವರ ಹೆಸರನ್ನೇ ಹೇಳುತ್ತೇನೆ. 1974ರಿಂದ 2020, ನೀವೇ ಲೆಕ್ಕ ಹಾಕಿ.

ನಾನು ಹೋಗುವಾಗ ಆಗಲೇ ಒಂದು ಖಾಸಗಿ ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದೆ. ಒಂದು ವರ್ಷ ರಜೆ ಕೇಳಿದೆ, ಸಂಬಳ ಬೇಡ, ವಾಪಸ್ ಬಂದಾಗ ಜಾಗ ಇಟ್ಟುಕೊಳ್ಳಿ ಅಂದೆ. ಆಗುವುದಿಲ್ಲ ಅಂದರು. ರಾಜೀನಾಮೆ ಕೊಟ್ಟೇ ರೈಲು ಹತ್ತಿದೆ. ಹುಬ್ಬಳ್ಳಿ ಮೇಲೆ ಹೋಗುವ ಕರ್ನಾಟಕ ಸಂಪರ್ಕ ಕ್ರಾಂತಿಯಲ್ಲಿ ಹೋಗಿ ಅಂಬಾಲದಲ್ಲಿ ಇಳಿದು, ಅಲ್ಲಿಂದ ರಾಜ್‌ಪುರ ಹಾದು ಬಸ್ಸಿನಲ್ಲಿ ಪಟಿಯಾಲ. ಕೋರ್ಸಿನ ಫೀಸು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ನಿಜವಾದ ಖರ್ಚು ಫೀಸಲ್ಲ, ಒಂದು ವರ್ಷ ದುಡಿಮೆ ಇಲ್ಲದೆ ಇರುವುದು. ಮನೆಯಲ್ಲಿ ಅದನ್ನು ಮೊದಲೇ ಕೂತು ಮಾತಾಡಿ.

ದಿನ ಹೇಗಿರುತ್ತದೆ? ಬೆಳಿಗ್ಗೆ ಮೈದಾನ, ಆಮೇಲೆ ತರಗತಿ, ಸಂಜೆ ಮತ್ತೆ ಮೈದಾನ. ತರಗತಿಯಲ್ಲಿ ಅಂಗರಚನೆ, ಶರೀರಕ್ರಿಯೆ, ಬಯೋಮೆಕ್ಯಾನಿಕ್ಸ್, ಕ್ರೀಡಾ ಮನೋವಿಜ್ಞಾನ, ತರಬೇತಿ ಸಿದ್ಧಾಂತ. ಬಿ.ಪಿ.ಇಡಿ.ಯಲ್ಲೂ ಇವೇ ಹೆಸರುಗಳಿದ್ದವು ಅಲ್ವಾ ಅಂತ ನೀವು ಕೇಳಬಹುದು. ಹೆಸರು ಅದೇ. ಆದರೆ ಅಲ್ಲಿ ಪರೀಕ್ಷೆಗೆ ಬರೆದದ್ದನ್ನು ಇಲ್ಲಿ ಸಂಜೆಯ ಮೈದಾನದಲ್ಲಿ ಮಾಡಿ ತೋರಿಸಬೇಕು. ಮಧ್ಯಾಹ್ನ ಈಟಿ ಬಿಡುವ ಕೋನದ ಬಗ್ಗೆ ಪಾಠ ಕೇಳಿದರೆ, ಸಂಜೆ ಒಬ್ಬ ಎಸೆಯುತ್ತಾನೆ, ನೀವು ಪಕ್ಕದಲ್ಲಿ ನಿಂತು ಅವನ ಕೋನ ಜಾಸ್ತಿಯಾಯಿತೋ ಕಮ್ಮಿಯಾಯಿತೋ ಹೇಳಬೇಕು. ಹೇಳಿದ ಮೇಲೆ ಏಕೆ ಅಂತ ಹೇಳಬೇಕು. ಅದಾದ ಮೇಲೆ, ಈಗ ಏನು ಮಾಡಿಸುತ್ತೀಯ ಅನ್ನುವ ಪ್ರಶ್ನೆ ಬರುತ್ತದೆ. ಮೂರನೆಯ ಪ್ರಶ್ನೆಗೆ ಉತ್ತರ ಕೊಡುವವನೇ ಕೋಚ್.

ಟೀಚಿಂಗ್ ಪ್ರಾಕ್ಟೀಸ್ ನನಗೆ ತುಂಬಾ ಹಿಡಿಸಿತು. ನಮ್ಮ ಬ್ಯಾಚಿನವರನ್ನೇ ಶಿಷ್ಯರಂತೆ ನಿಲ್ಲಿಸಿ ಪಾಠ ಮಾಡಬೇಕು. ವಾರ್ಮ್-ಅಪ್ ಎಷ್ಟು ನಿಮಿಷ, ಮುಖ್ಯ ಭಾಗ ಎಷ್ಟು, ಎಲ್ಲಿ ನಿಂತರೆ ಎಲ್ಲರೂ ಕಣ್ಣಿಗೆ ಬೀಳುತ್ತಾರೆ, ಬಿಸಿಲು ಯಾರ ಮುಖಕ್ಕೆ ಹೊಡೆಯುತ್ತದೆ, ಎಲ್ಲವನ್ನೂ ಲೆಸನ್ ಪ್ಲಾನಿನಲ್ಲಿ ಬರೆದಿರಬೇಕು. ಬಿಸಿಲು ಶಿಷ್ಯರ ಕಣ್ಣಿಗೆ ಹೊಡೆಯುವಂತೆ ನಿಲ್ಲಿಸಿದರೆ ಅಂಕ ಹೋಯಿತು. ಸಣ್ಣ ವಿಷಯ ಅನಿಸಬಹುದು. ಇವತ್ತಿಗೂ ನಾನು ಮೈದಾನಕ್ಕೆ ಕಾಲಿಟ್ಟ ತಕ್ಷಣ ಮೊದಲು ನೋಡುವುದು ಸೂರ್ಯ ಎಲ್ಲಿದ್ದಾನೆ ಅಂತ.

ನನ್ನ ಈವೆಂಟಿನದೇ ಒಂದು ಉದಾಹರಣೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ಕೋರ್ಸಿನಿಂದ ನಿಜವಾಗಿ ಏನು ಸಿಗುತ್ತದೆ ಅನ್ನುವುದು ಇದರಲ್ಲಿದೆ. ಟ್ರಿಪಲ್ ಜಂಪ್‌ನಲ್ಲಿ ಹಾಪ್, ಸ್ಟೆಪ್, ಜಂಪ್ ಅಂತ ಮೂರು ಭಾಗ. ಹಾಪ್‌ನಲ್ಲಿ ಚಿಮ್ಮಿದ ಕಾಲಿನ ಮೇಲೇ ಇಳಿಯುವುದು, ಸ್ಟೆಪ್‌ನಲ್ಲಿ ಇನ್ನೊಂದು ಕಾಲಿನ ಮೇಲೆ, ಜಂಪ್‌ನಲ್ಲಿ ಮರಳಿಗೆ. ನಾನು ಹಾರುತ್ತಿದ್ದ ಕಾಲದಲ್ಲಿ ಕೊನೆಗೆ ಮರಳಿನಲ್ಲಿ ಎಷ್ಟಾಯಿತು ಅಂತ ಟೇಪ್ ಹಿಡಿಯುತ್ತಿದ್ದರೇ ಹೊರತು, ಮೂರು ಭಾಗ ಬೇರೆ ಬೇರೆ ಅಳೆದವರಿಲ್ಲ. ಪಟಿಯಾಲದಲ್ಲಿ ನಮ್ಮ ಬೋಧಕರು ಪ್ರತಿ ಕಾಲು ಬೀಳುವ ಜಾಗದ ಪಕ್ಕ ಒಬ್ಬೊಬ್ಬರನ್ನು ಕೂರಿಸುತ್ತಿದ್ದರು. ಕಾಲು ಬಿದ್ದ ಕೂಡಲೇ ಚಾಕ್‌ಪೀಸಿನಲ್ಲಿ ಗುರುತು. ಆಮೇಲೆ ಮೂರನ್ನೂ ಅಳೆದು ಶೇಕಡಾ ಲೆಕ್ಕ ಹಾಕುವುದು. ಒಂದು ಹಾರಾಟಕ್ಕೆ ಒಂದೇ ಮಾತು ಹೇಳಬೇಕು, ಎರಡು ಹೇಳಿದರೆ ಹುಡುಗಿ ಎರಡನ್ನೂ ಮರೆಯುತ್ತಾಳೆ ಅಂತ ಅವರ ನಿಯಮ.

ಊರಿಗೆ ಬಂದ ಮೇಲೆ ನನ್ನ ಕೈಗೆ ಬಂದವಳು ತೋಟದ ಲೈನ್ ಮನೆಯ ಒಬ್ಬ ಹುಡುಗಿ. ಬಿ.ಎ. ಮೊದಲ ವರ್ಷ. 11.20 ಮೀಟರ್ ಹಾರುತ್ತಿದ್ದಳು. ಕಾಲಿನಲ್ಲಿ ಒಳ್ಳೆ ಚಿಮ್ಮು ಇತ್ತು, ಓಟವೂ ಇತ್ತು, ಆದರೂ ಅಲ್ಲಿಂದ ಮುಂದೆ ಹೋಗುತ್ತಿರಲಿಲ್ಲ. ಗುರುತು ಹಾಕಿ ಅಳೆದಾಗ ಹಾಪ್ 4.50, ಸ್ಟೆಪ್ 2.40, ಜಂಪ್ 4.30. ಅಂದರೆ ಹಾಪ್ ಶೇ 40, ಸ್ಟೆಪ್ ಬರೀ ಶೇ 21. ಸಾಮಾನ್ಯವಾಗಿ ಹೇಳುವ ಅಳತೆ 35, 30, 35ರ ಆಸುಪಾಸು. ಅವಳು ಹಾಪ್‌ನಲ್ಲಿ ಎತ್ತರಕ್ಕೆ ಹಾರುತ್ತಿದ್ದಳು. ಎತ್ತರದಿಂದ ಬಿದ್ದ ಕಾಲು ಕುಸಿಯುತ್ತಿತ್ತು. ಕುಸಿದ ಕಾಲಿನಿಂದ ಸ್ಟೆಪ್ ಎಲ್ಲಿಂದ ಬರಬೇಕು? ಹಾಪ್ ತಗ್ಗಿಸು, ಮುಂದಕ್ಕೆ ಹೋಗು ಅಂದರೆ ಅವಳಿಗೆ ಹೆದರಿಕೆ, ದೂರ ಕಮ್ಮಿಯಾಗುತ್ತದೆ ಅಂತ. ಅದಕ್ಕೆ ಕಬಡ್ಡಿ ಮ್ಯಾಟ್ ಮೇಲೆ ಟೇಪ್ ಅಂಟಿಸಿ, ಓಟ ಇಲ್ಲದೆ ನಿಂತಲ್ಲಿಂದ ಬೌಂಡಿಂಗ್ (ಕಾಲಿನಿಂದ ಕಾಲಿಗೆ ಚಿಮ್ಮುತ್ತಾ ಹೋಗುವುದು) ಮಾಡಿಸಿದೆ, ಪ್ರತಿ ಗೆರೆಯ ನಡುವೆ ಒಂದೇ ಅಂತರ. ಆಮೇಲೆ ನಾಲ್ಕು ಹೆಜ್ಜೆ ಓಟ, ಆಮೇಲೆ ಆರು. ಮುಂದಿನ ಸೀಸನ್ನಿನಲ್ಲಿ ಅವಳು 11.85 ಹಾರಿದಳು. ಹಾಪ್ 4.35ಕ್ಕೆ ಇಳಿದಿತ್ತು, ಸ್ಟೆಪ್ 3.30ಕ್ಕೆ ಏರಿತ್ತು, ಜಂಪ್ 4.20. ಹಾಪ್ ಕಮ್ಮಿಯಾಗಿ ಒಟ್ಟು ಜಾಸ್ತಿಯಾದದ್ದನ್ನು ಕಾಗದದ ಮೇಲೆ ನೋಡಿ ಅವಳಿಗೆ ನಂಬಿಕೆ ಬಂತು. ಈ ಅಳತೆ, ಈ ನೋಟ, ಎಂ.ಪಿ.ಇಡಿ. ನನಗೆ ಕೊಟ್ಟಿರಲಿಲ್ಲ.

ಇನ್ನೊಂದು ದೊಡ್ಡ ಲಾಭ ವರ್ಷದ ಯೋಜನೆ. ಎನ್‌ಐಎಸ್‌ನ ತರಬೇತಿ ಸಿದ್ಧಾಂತದ ಬೇರು ಹಳೆಯ ಸೋವಿಯತ್ ಮತ್ತು ಪೂರ್ವ ಜರ್ಮನಿಯ ಪದ್ಧತಿಯಲ್ಲಿದೆ. ವರ್ಷವನ್ನು ಸಿದ್ಧತೆ, ಸ್ಪರ್ಧೆ, ವಿಶ್ರಾಂತಿ ಅಂತ ಭಾಗ ಮಾಡಿ, ಅದರೊಳಗೆ ತಿಂಗಳ ಮತ್ತು ವಾರದ ತುಂಡುಗಳನ್ನು ಕೂರಿಸುವುದು. ಅಲ್ಲಿ ಬರೆದ ಪ್ಲಾನನ್ನು ಹಾಗೇ ತಂದು ಇಲ್ಲಿ ಹಾಕಿದರೆ ನಡೆಯುವುದಿಲ್ಲ. ನಮ್ಮಲ್ಲಿ ಅಂತರ ಕಾಲೇಜು ಕ್ರೀಡಾಕೂಟ ನವೆಂಬರ್ ಆಸುಪಾಸಿಗೆ ಬರುತ್ತದೆ. ಅಂದರೆ ಸಿದ್ಧತೆ ಮಾಡಬೇಕಾದ ಕಾಲ ಜೂನ್‌ನಿಂದ ಸೆಪ್ಟೆಂಬರ್. ಮಲೆನಾಡಿನಲ್ಲಿ ಆಗ ಏನಾಗುತ್ತದೆ ಅಂತ ಹೇಳಬೇಕಿಲ್ಲ. ನಮ್ಮ ಕೆಂಪು ಮಣ್ಣಿನ ಮೈದಾನದಲ್ಲಿ ನೀರು ನಿಂತಿರುತ್ತದೆ, ಹಾಕಿದ ಸುಣ್ಣದ ಗೆರೆ ಸಂಜೆಗೆ ಇರುವುದಿಲ್ಲ. ಅದರ ಮೇಲೆ ಸೆಮಿಸ್ಟರ್ ಪರೀಕ್ಷೆ.

ಹಾಗಾಗಿ ಮಳೆಗಾಲವನ್ನು ಶಕ್ತಿ ಮತ್ತು ಡ್ರಿಲ್‌ಗೆ ಇಟ್ಟಿದ್ದೇನೆ. ಸಭಾಂಗಣದಲ್ಲಿ ಕಬಡ್ಡಿ ಮ್ಯಾಟ್ ಹಾಸಿ ಬೌಂಡಿಂಗ್, ಹಳೆಯ ಬಾಸ್ಕೆಟ್‌ಬಾಲಿಗೆ ಮರಳು ತುಂಬಿ ಮೆಡಿಸಿನ್ ಬಾಲ್, ಕಾರಿಡಾರಿನಲ್ಲಿ ಹರ್ಡಲ್ಸ್‌ನ ಪಕ್ಕದ ನಡಿಗೆ. ಸಿಮೆಂಟ್ ನೆಲದ ಮೇಲೆ ಜಿಗಿತ ಮಾಡಿಸುವುದೇ ಇಲ್ಲ, ಮೊಣಕಾಲಿನ ಕೆಳಗಿನ ಎಲುಬಿನ ನೋವು ಶುರುವಾದರೆ ಆ ಸೀಸನ್ ಮುಗಿಯಿತು. ಅಕ್ಟೋಬರಿನಲ್ಲಿ ಮಳೆ ಬಿಟ್ಟ ಕೂಡಲೇ ವೇಗ. ಈ ಪ್ಲಾನ್ ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಯಾವುದನ್ನು ಹಿಂದೆ ಹಾಕಬಹುದು, ಯಾವುದನ್ನು ಹಾಕಲೇಬಾರದು ಅನ್ನುವ ವಿವೇಚನೆ ಪಟಿಯಾಲದ್ದು. ಡಿಗ್ರಿ ಹುಡುಗ ನಮ್ಮ ಕೈಯಲ್ಲಿ ಇರುವುದು ಮೂರೇ ವರ್ಷ. ಮೊದಲ ವರ್ಷ ಗುರುತಿಸುವುದರಲ್ಲಿ ಹೋದರೆ ಉಳಿಯುವುದು ಎರಡು. ಯೋಜನೆ ಇಲ್ಲದೆ ಅದನ್ನು ಕಳೆಯಬಾರದು.

ಕ್ರೀಡಾ ವೈದ್ಯಕೀಯದ ಪಾಠದ ಬಗ್ಗೆ ಹೆಣ್ಣುಮಕ್ಕಳ ಕೋಚ್ ಆಗಿ ಒಂದು ಮಾತು ಹೇಳಲೇಬೇಕು. ಹಾಸ್ಟೆಲಿನ ಹುಡುಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು 800 ಮೀಟರ್ ಓಡುತ್ತಾಳೆ. ಎರಡು ತಿಂಗಳು ಚೆನ್ನಾಗಿ ಓಡಿದವಳು ಆಮೇಲೆ ಟೈಮಿಂಗ್‌ನಲ್ಲಿ ಹಿಂದೆ ಬೀಳುತ್ತಾಳೆ. ಸೋಮಾರಿ ಅಂತ ಬೈಯುವವರೇ ಜಾಸ್ತಿ. ನಾನು ಮೊದಲು ತಾಲ್ಲೂಕು ಆಸ್ಪತ್ರೆಗೆ ಕಳಿಸಿ ಹಿಮೋಗ್ಲೋಬಿನ್ ನೋಡಿಸುತ್ತೇನೆ. ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಕಬ್ಬಿಣದ ಮಾತ್ರೆ, ಬೆಲ್ಲ-ಕಡಲೆ, ಮೊಟ್ಟೆ, ಮುಟ್ಟಿನ ದಿನಗಳ ಲೆಕ್ಕ, ಇವೆಲ್ಲ ನನ್ನ ತರಬೇತಿ ಪುಸ್ತಕದ ಭಾಗ. ಹುಡುಗಿಯರು ಇದನ್ನು ಗಂಡು ಕೋಚ್ ಹತ್ತಿರ ಹೇಳಿಕೊಳ್ಳುವುದು ಕಡಿಮೆ. ದೂರದ ಊರಿಗೆ ಕೂಟಕ್ಕೆ ಕಳಿಸುವಾಗಲೂ ಅಷ್ಟೇ, ಮೇಡಂ ಜೊತೆಗೆ ಬರುತ್ತಾರಾ ಅಂತ ಅಮ್ಮಂದಿರು ಕೇಳುತ್ತಾರೆ. ನಮ್ಮ ಬ್ಯಾಚಿನಲ್ಲಿ ಹೆಂಗಸರು ಬೆರಳೆಣಿಕೆ. ಓದುತ್ತಿರುವ ಹುಡುಗಿಯರೇ, ದಯವಿಟ್ಟು ಈ ಕೋರ್ಸಿಗೆ ಬನ್ನಿ.

ಉದ್ದೀಪನ ಮದ್ದಿನ ವಿಷಯವನ್ನೂ ಅಲ್ಲಿ ಗಟ್ಟಿಯಾಗಿ ಕಲಿಯಬೇಕು. 2023ರಲ್ಲಿ ದೆಹಲಿಯ ಒಂದು ಕೂಟಕ್ಕೆ ಮದ್ದು ಪರೀಕ್ಷೆ ಮಾಡುವ ನಾಡಾ ಸಂಸ್ಥೆಯವರು ಬಂದರು ಅಂತ ತಿಳಿದು, ಗಂಡಸರ 100 ಮೀಟರ್ ಫೈನಲ್‌ನಲ್ಲಿ ಒಬ್ಬನೇ ಓಡಿದ ಸುದ್ದಿ ಎಲ್ಲರೂ ಓದಿದ್ದೀರಿ. ಜಿಮ್‌ನಲ್ಲಿ ಯಾರೋ ಕೊಟ್ಟ ಡಬ್ಬಿಯ ಪುಡಿಯನ್ನು ನಮ್ಮ ಮಕ್ಕಳು ಸುಮ್ನೆ ಕುಡಿದುಬಿಡುತ್ತಾರೆ. ಅದರಲ್ಲಿ ಏನಿದೆ ಅಂತ ಓದಿ ಬೇಡ ಅನ್ನುವ ಜವಾಬ್ದಾರಿ ಕೋಚಿನದು. ಈ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಜಾಗದ ಬಗ್ಗೆ. ಪಟಿಯಾಲದಲ್ಲಿ ರಾಷ್ಟ್ರೀಯ ಶಿಬಿರ ನಡೆಯುತ್ತದೆ. ನಮ್ಮ ಮಂಗಳೂರು ಕಡೆಯ ಎಂ.ಆರ್. ಪೂವಮ್ಮ ಅವರಂಥವರು ಅಲ್ಲಿ ಅಭ್ಯಾಸ ಮಾಡಿದವರು. ಟೋಕಿಯೊ ಒಲಿಂಪಿಕ್ಸ್‌ಗೆ ಮೊದಲು, 2021ರ ಮಾರ್ಚಿನಲ್ಲಿ, ನೀರಜ್ ಚೋಪ್ರಾ ಈಟಿಯನ್ನು 88.07 ಮೀಟರ್ ಎಸೆದು ರಾಷ್ಟ್ರೀಯ ದಾಖಲೆ ಬರೆದದ್ದು ಇಲ್ಲೇ. ಬಿಡುವಿದ್ದಾಗ ಟ್ರ್ಯಾಕಿನ ಆಚೆ ಕೂತು ಶಿಬಿರದವರ ಅಭ್ಯಾಸ ನೋಡಿ. ಅವರ ವಾರ್ಮ್-ಅಪ್ ಎಷ್ಟು ಹೊತ್ತು ನಡೆಯುತ್ತದೆ, ಎರಡು ಓಟದ ನಡುವೆ ಎಷ್ಟು ಹೊತ್ತು ಕೂರುತ್ತಾರೆ ಅಂತ ಬರೆದುಕೊಳ್ಳಿ. ನಮ್ಮ ಕಾಲೇಜುಗಳಲ್ಲಿ ವಿಶ್ರಾಂತಿ ಕೊಡುವುದೇ ಇಲ್ಲ, ಓಡಿಸುತ್ತಲೇ ಇರುತ್ತೇವೆ. ಅರಮನೆಯ ಮ್ಯೂಸಿಯಂನಲ್ಲಿ ಗಾಮಾ ಪೈಲ್ವಾನ್ ಬಸ್ಕಿ ಹೊಡೆಯಲು ಬಳಸುತ್ತಿದ್ದ 95 ಕೆ.ಜಿ.ಯ ಕಲ್ಲಿನ ಬಳೆ ಇದೆ. ಅದನ್ನು ನೋಡದೆ ಬರಬೇಡಿ.

ಚಳಿಗೆ ತಯಾರಾಗಿ ಹೋಗಿ. ಡಿಸೆಂಬರ್-ಜನವರಿಯಲ್ಲಿ ಮಂಜು ಕವಿದರೆ 100 ಮೀಟರ್ ಆಚೆಯ ಫಿನಿಷ್ ಲೈನ್ ಕಾಣುವುದಿಲ್ಲ. ಊಟ ರೊಟ್ಟಿ, ದಾಲ್, ರಾಜ್ಮಾ. ಅನ್ನದವರಿಗೆ ಮೊದಲ ತಿಂಗಳು ಕಷ್ಟ, ಆಮೇಲೆ ಒಗ್ಗುತ್ತದೆ. ಪಾಠ ಇಂಗ್ಲಿಷಿನಲ್ಲಿದ್ದರೂ ಮೈದಾನದ ಮಾತು ಹಿಂದಿ, ನಡುನಡುವೆ ಪಂಜಾಬಿ. ಹರಿಯಾಣ, ಪಂಜಾಬ್, ಕೇರಳದವರ ಜೊತೆ ಇರುವುದೇ ಒಂದು ಶಿಕ್ಷಣ. ಹರಿಯಾಣದ ಹಳ್ಳಿಯಲ್ಲಿ ಎಸೆತದವರನ್ನು ಹೇಗೆ ಹುಡುಕುತ್ತಾರೆ ಅಂತ ನನಗೆ ಗೊತ್ತಾದದ್ದು ಮೆಸ್ಸಿನ ಮೇಜಿನಲ್ಲಿ.

ಬೇರೆ ಕೋರ್ಸುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಎನ್‌ಐಎಸ್‌ನ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಕೆಲಸದಲ್ಲಿರುವವರಿಗೆ ಒಳ್ಳೆಯದು, ರುಚಿ ಸಿಗುತ್ತದೆ. ಅದನ್ನು ಡಿಪ್ಲೊಮಾಕ್ಕೆ ಸಮ ಅಂತ ತಿಳಿಯಬೇಡಿ, ಆರು ವಾರದಲ್ಲಿ ಒಂದು ಈವೆಂಟ್ ಕಲಿಸುವುದನ್ನು ಕಲಿಯುವುದೇ ಕಷ್ಟ. ವರ್ಲ್ಡ್ ಅಥ್ಲೆಟಿಕ್ಸ್‌ನ ಕೋಚ್ ಶಿಕ್ಷಣ ಪದ್ಧತಿ 1991ರಲ್ಲಿ ಶುರುವಾದದ್ದು, ಅದರಲ್ಲಿ ಲೆವೆಲ್ 1 ಮಕ್ಕಳ ಮತ್ತು ಕಿರಿಯರ ತರಬೇತಿಗೆ ಬಹಳ ಉಪಯೋಗ. ಅವಕಾಶ ಸಿಕ್ಕರೆ ಡಿಪ್ಲೊಮಾ ಆದ ಮೇಲೂ ಮಾಡಿ. ಇಂಫಾಲದ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯದಲ್ಲಿ ಕೋಚಿಂಗ್‌ನಲ್ಲೇ ಬಿ.ಎಸ್ಸಿ. ಇದೆ, ಪಿಯುಸಿ ಮುಗಿಸಿದವರು ನೋಡಬಹುದು. ವಾರಾಂತ್ಯದ ಆನ್‌ಲೈನ್ ಸರ್ಟಿಫಿಕೇಟುಗಳಿಗೆ ದುಡ್ಡು ಹಾಕಬೇಡಿ. ಮೈದಾನಕ್ಕೆ ಇಳಿಸದೆ ಕೋಚ್ ಮಾಡುತ್ತೇವೆ ಅನ್ನುವವರು ಏನು ಕಲಿಸಿಯಾರು?

ಅಮೆರಿಕದ ಬಗ್ಗೆಯೂ ಈಗ ಮಕ್ಕಳು ಕೇಳುತ್ತಾರೆ. ಅಲ್ಲಿ ಕಾಲೇಜು ಅಥ್ಲೆಟಿಕ್ಸ್ ಕೋಚ್ ಅನ್ನುವುದೇ ಒಂದು ಪೂರ್ಣ ವೃತ್ತಿ. ಎಂ.ಎಸ್. ಓದುತ್ತಾ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಸೇರಿ, ಅಸಿಸ್ಟೆಂಟ್ ಕೋಚ್ ಆಗಿ, ಆಮೇಲೆ ಹೆಡ್ ಕೋಚ್. ಓಟಕ್ಕೆ ಒಬ್ಬರು, ಎಸೆತಕ್ಕೆ ಒಬ್ಬರು, ಜಿಗಿತಕ್ಕೆ ಒಬ್ಬರು. ನಮ್ಮ ತೇಜಸ್ವಿನ್ ಶಂಕರ್ ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಾ 2018 ಮತ್ತು 2022ರಲ್ಲಿ ಅಲ್ಲಿನ ಕಾಲೇಜುಗಳ ಎನ್‌ಸಿಎಎ ಕೂಟದಲ್ಲಿ ಹೈಜಂಪ್ ಗೆದ್ದದ್ದು ಅಂಥ ವ್ಯವಸ್ಥೆಯೊಳಗೆ. ನಮ್ಮಲ್ಲಿ ಅದಕ್ಕೆ ಹತ್ತಿರ ಬರುವುದು ಕ್ರೀಡೆಗೆ ಹಾಸ್ಟೆಲ್, ಊಟ, ಟ್ರ್ಯಾಕ್ ಎಲ್ಲ ಕೊಡುವ ಕೆಲವೇ ಕಾಲೇಜುಗಳು. ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲಿ 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟ ನಡೆದಾಗ ಮಂಗಳೂರು ವಿಶ್ವವಿದ್ಯಾಲಯ ಚಾಂಪಿಯನ್ ಆಯಿತು. ಅಂಥ ಫಲಿತಾಂಶದ ಹಿಂದೆ ಈವೆಂಟಿಗೊಬ್ಬ ಕೋಚ್ ಬೇಕು. ಪ್ರತಿ ವಿಶ್ವವಿದ್ಯಾಲಯವೂ ಕೊನೆಯ ಪಕ್ಷ ಓಟ, ಜಿಗಿತ, ಎಸೆತಕ್ಕೆ ಒಬ್ಬೊಬ್ಬ ಡಿಪ್ಲೊಮಾ ಕೋಚನ್ನು ಕಾಯಂ ಆಗಿ ಇಟ್ಟುಕೊಳ್ಳಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕೂಟಕ್ಕೆ ಹತ್ತು ದಿನ ಇರುವಾಗ ಕ್ಯಾಂಪ್ ಹಾಕಿ ಟ್ರ್ಯಾಕ್‌ಸೂಟ್ ಹಂಚಿದರೆ ಯಾರೂ ಓಡುವುದಿಲ್ಲ.

ಡಿಪ್ಲೊಮಾ ಮುಗಿಸಿದವರಿಗೆ ಬೇರೆ ಬಾಗಿಲುಗಳೂ ಇವೆ. ಸಾಯ್‌ನ ಕೋಚ್ ಹುದ್ದೆಗಳು, ರಾಜ್ಯದ ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಹಾಸ್ಟೆಲುಗಳು, ಖೇಲೋ ಇಂಡಿಯಾ ಕೇಂದ್ರಗಳು, ಬೆಂಗಳೂರಿನ ಖಾಸಗಿ ಶಾಲೆಗಳು. ಗುತ್ತಿಗೆಯವೇ ಜಾಸ್ತಿ. ನನ್ನ ಬ್ಯಾಚಿನವರು ಕೆಲವರು ಸೇನೆಗೆ, ರೈಲ್ವೆಗೆ ವಾಪಸ್ ಹೋದರು. ಕಾಲೇಜಿಗೇ ಬರಬೇಕು ಅನ್ನುವ ಹಠ ನನಗೆ ಇದ್ದದ್ದು ಯಾಕೆಂದರೆ, ಹಳ್ಳಿಯ ಎಷ್ಟೋ ಮಕ್ಕಳು ಸ್ಪೈಕ್ಸ್ ಹಾಕುವುದೇ ಡಿಗ್ರಿಗೆ ಬಂದ ಮೇಲೆ. ಹದಿನೆಂಟಕ್ಕೆ ಶುರು ಮಾಡಿದವನಿಗೆ ತಡವಾಯಿತು ಅಂತ ಎಲ್ಲರೂ ಕೈಬಿಡುತ್ತಾರೆ. ಎಸೆತಕ್ಕೆ, ಟ್ರಿಪಲ್ ಜಂಪಿಗೆ, 400 ಮೀಟರ್ ಹರ್ಡಲ್ಸಿಗೆ ಅದು ತಡವೇನಲ್ಲ. ಒಳ್ಳೆ ಕೋಚ್ ಇದ್ದರೆ ಮೂರು ವರ್ಷದಲ್ಲಿ ವಿಶ್ವವಿದ್ಯಾಲಯ ತಂಡದ ಬಣ್ಣ ಹಾಕಬಹುದು. ಆ ಬಣ್ಣದಿಂದ ಕ್ರೀಡಾ ಕೋಟಾದಲ್ಲಿ ಒಂದು ಕೆಲಸ ಸಿಕ್ಕರೆ ಒಂದು ಮನೆಯೇ ಎದ್ದು ನಿಲ್ಲುತ್ತದೆ.

ಹಾಗಾದರೆ ಯಾವುದು ಮೊದಲು? ನನ್ನ ಸಲಹೆ ಹೀಗೆ. ಬಿ.ಪಿ.ಇಡಿ. ಆದ ಮೇಲೆ ಎಂ.ಪಿ.ಇಡಿ. ಮುಗಿಸಿ, ಓದಿನ ಬಿಸಿ ಇರುವಾಗಲೇ ನೆಟ್ ಅಥವಾ ಕೆ-ಸೆಟ್ ಪಾಸು ಮಾಡಿ. ಕೆಲಸಕ್ಕೆ ಸೇರುವ ಮೊದಲೇ ಡಿಪ್ಲೊಮಾಕ್ಕೆ ಹೋಗಿ. ಕೆಲಸ, ಮದುವೆ, ಸಾಲ ಆದ ಮೇಲೆ ಒಂದು ವರ್ಷ ಊರು ಬಿಡುವುದು ಕಷ್ಟ, ಅದರಲ್ಲೂ ಹೆಣ್ಣುಮಕ್ಕಳಿಗೆ. ಸ್ಪರ್ಧೆಯಲ್ಲಿ ಇನ್ನೂ ಓಡುತ್ತಿದ್ದೀರಿ ಅಂದರೆ ಓಟ ಮುಗಿಸಿಕೊಂಡೇ ಬನ್ನಿ, ಎರಡು ದೋಣಿಯಲ್ಲಿ ಕಾಲಿಡಬೇಡಿ. ಸರ್ಕಾರಿ ನೇಮಕಾತಿ ಮಾತ್ರ ನಂಬಿ ಕೂತರೆ ವರ್ಷಗಳು ಹೋಗುತ್ತವೆ. ಡಿಪ್ಲೊಮಾ ಕೈಯಲ್ಲಿದ್ದರೆ ಆ ಕಾಯುವ ಕಾಲದಲ್ಲಿ ಮೈದಾನದಲ್ಲೇ ದುಡಿಯಬಹುದು.

ಪ್ರವೇಶಕ್ಕೆ ಹೋಗುವವರು ನಿಮ್ಮ ಎಲ್ಲ ಕ್ರೀಡಾ ಪ್ರಮಾಣಪತ್ರಗಳನ್ನು ಕಾಲೇಜಿನಿಂದಲೇ ಸರಿಯಾಗಿ ಬರೆಸಿಕೊಳ್ಳಿ. ಹೆಸರಿನ ಒಂದು ಅಕ್ಷರ ಹತ್ತನೇ ತರಗತಿಯ ಅಂಕಪಟ್ಟಿಗಿಂತ ಬೇರೆ ಇದ್ದರೂ ಓಡಾಟ ತಪ್ಪುವುದಿಲ್ಲ. ನಿಮ್ಮ ಈವೆಂಟಿನ ಅಭ್ಯಾಸ ಬಿಡಬೇಡಿ, ಓದಿನ ಜೊತೆ ಕೌಶಲವನ್ನೂ ನೋಡುತ್ತಾರೆ. ನಿಮ್ಮ ಹಳೆಯ ಟ್ರೇನಿಂಗ್ ಡೈರಿ ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ, ವರ್ಷದ ಯೋಜನೆ ಬರೆಯುವಾಗ ಅದರಷ್ಟು ಒಳ್ಳೆ ಪಠ್ಯ ಬೇರೆ ಇಲ್ಲ. ಸ್ಟಾಪ್‌ವಾಚ್ ಹಿಡಿಯುವುದನ್ನು ಈಗಲೇ ರೂಢಿ ಮಾಡಿ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿ ಹಿಡಿದ 100 ಮೀಟರ್ ಟೈಮಿಂಗಿಗೆ 0.24 ಸೆಕೆಂಡ್ ಸೇರಿಸಿದರೇ ಎಲೆಕ್ಟ್ರಾನಿಕ್ ಟೈಮಿಂಗಿಗೆ ಹೋಲಿಸಬಹುದು ಅನ್ನುವುದನ್ನು ನಿಮ್ಮ ಶಿಷ್ಯರಿಗೂ ಹೇಳಿ, ಕಂಠೀರವಕ್ಕೆ ಹೋಗಿ ಅಲ್ಲಿನ ಎಲೆಕ್ಟ್ರಾನಿಕ್ ಟೈಮಿಂಗ್ ನೋಡಿ ಅವರು ಎದೆ ಒಡೆದುಕೊಳ್ಳಬಾರದು.

ಮನೆಯ ಜವಾಬ್ದಾರಿ ಇದ್ದು ಅಷ್ಟು ದೂರ ಹೋಗಲಾಗದವರಿಗೆ ಬೆಂಗಳೂರಿನಲ್ಲಿ ಜ್ಞಾನಭಾರತಿ ಬಳಿಯ ಸಾಯ್ ದಕ್ಷಿಣ ಕೇಂದ್ರವೂ ಇದೆ. ಆ ವರ್ಷ ಅಲ್ಲಿ ಯಾವ ಕ್ರೀಡೆಗಳಿಗೆ ಡಿಪ್ಲೊಮಾ ಕೊಡುತ್ತಿದ್ದಾರೆ, ಅಥ್ಲೆಟಿಕ್ಸ್ ಇದೆಯೇ, ಸೀಟು ಎಷ್ಟು ಅಂತ ಸಾಯ್‌ನ ಅಧಿಸೂಚನೆಯಲ್ಲಿ ಖಚಿತ ಮಾಡಿಕೊಂಡು ಅರ್ಜಿ ಹಾಕಿ.